ನಾಲ್ಕು ದಶಕ ಕಳೆದರೂ ಮಾಸದ ಭಯ: 'ದಿ ಥಿಂಗ್' (1982)

ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್' 1982ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಅನೇಕ ವಿಮರ್ಶಕರು ಅದನ್ನು ಅಸಹ್ಯವೆಂದು ತಳ್ಳಿಹಾಕಿದ್ದರು. ಎರಡು ವಾರ ಮೊದಲಷ್ಟೇ ಬಂದ 'ಇ.ಟಿ.'ಯ ಮುದ್ದಾದ ಅನ್ಯಗ್ರಹಜೀವಿಗೆ ಮನಸೋತಿದ್ದ ಪ್ರೇಕ್ಷಕರಿಗೂ ಇದು ರುಚಿಸಲಿಲ್ಲ. ಈ ಬೇಸಿಗೆಯಲ್ಲಿ ಅದರ 4ಕೆ ಡಿಸ್ಕನ್ನು ಕಲಬುರಗಿಯ ನಮ್ಮ ಮನೆಯಲ್ಲಿ ಮತ್ತೆ ನೋಡಿದ ಮೇಲೆ, ಭಯ ಹುಟ್ಟಿಸುವ ಚಿತ್ರಗಳಲ್ಲಿ ಇದಕ್ಕೆ ಸರಿಸಾಟಿ ವಿರಳ ಎಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರವೊಂದರಲ್ಲಿರುವ ಹನ್ನೆರಡು ಗಂಡಸರ ನಡುವೆ, ಯಾವ ಜೀವಿಯ ರೂಪವನ್ನಾದರೂ ತಾಳಬಲ್ಲ ಅನ್ಯಲೋಕದ ಪ್ರಾಣಿಯೊಂದು ನಾಯಿಯ ವೇಷದಲ್ಲಿ ಬಂದು ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಯಾರು ಮನುಷ್ಯ, ಯಾರು ಅಲ್ಲ ಎಂಬ ಸಂಶಯವೇ ಕಥೆಯನ್ನು ನಡೆಸುತ್ತದೆ.

ಚಿತ್ರದ ಜೀವಾಳವಿರುವುದು ಪ್ರಾಣಿಯ ರೂಪಗಳನ್ನು ತಯಾರಿಸಿದ ಕಲಾವಿದ ರಾಬ್ ಬಾಟಿನ್ ಅವರ ಕೈಕೆಲಸದಲ್ಲಿ. ಆಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಕಂಪ್ಯೂಟರ್ ಗ್ರಾಫಿಕ್ಸ್‌ನ ನೆರವಿಲ್ಲದೆ, ರಬ್ಬರು, ಪ್ಲಾಸ್ಟಿಕ್ಕು, ಲೋಳೆ, ತಂತಿಗಳಿಂದಲೇ ಅವರು ಆ ವಿಕಾರಗಳನ್ನು ಕಟ್ಟಿದರು. ನಾಯಿಗೂಡಿನ ದೃಶ್ಯದ ಪ್ರಾಣಿಯನ್ನು ಮಾತ್ರ ಸ್ಟ್ಯಾನ್ ವಿನ್ಸ್ಟನ್ ತಯಾರಿಸಿಕೊಟ್ಟರು. ಹೃದಯ ನಿಂತ ರೋಗಿಯ ಎದೆಗೆ ವೈದ್ಯ ವಿದ್ಯುತ್ ಆಘಾತ ಕೊಡುವ ದೃಶ್ಯವನ್ನೇ ನೋಡಿ: ಎದೆ ಬಾಯಿಯಂತೆ ತೆರೆದು ವೈದ್ಯನ ಎರಡೂ ಕೈಗಳನ್ನು ಕಚ್ಚಿ ತುಂಡರಿಸುತ್ತದೆ. ಇದಕ್ಕಾಗಿ ನಿಜಕ್ಕೂ ಕೈಗಳಿಲ್ಲದ ವ್ಯಕ್ತಿಯೊಬ್ಬರಿಗೆ ನಟನ ಮುಖದ ಮುಖವಾಡ ಹಾಕಿ, ಕೃತಕ ಕೈಗಳನ್ನು ಜೋಡಿಸಿದ್ದರು. ಮರುಕ್ಷಣ ರೋಗಿಯ ಕುತ್ತಿಗೆ ಅಂಟಿನಂತೆ ಎಳೆದುಕೊಂಡು ತಲೆ ಕಳಚಿ ಬೀಳುತ್ತದೆ, ನಾಲಿಗೆ ಚಾಚಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ, ಜೇಡದ ಕಾಲು ಮೂಡಿಸಿಕೊಂಡು ನಡೆದೇಬಿಡುತ್ತದೆ. ಅನಿಮೇಷನ್ ಕಲಿಯುತ್ತಿರುವ ನನ್ನ ಅಕ್ಕನ ಮಗ ಇಲ್ಲಿ ಡಿಸ್ಕ್ ನಿಲ್ಲಿಸಿ, "ಮಾಮಾ, ಇದು ಖರೇನೇ ಅಲ್ಲೇ ಇತ್ತಲ್ಲ?" ಎಂದು ಕೇಳಿದ.

ಹೌದು, ಅಲ್ಲೇ ಇತ್ತು. ನಟರ ಮೇಲೆ ಬೀಳುವ ಬೆಳಕೇ ಆ ಲೋಳೆಯ ಮೇಲೂ ಬಿದ್ದು ಮಿನುಗುತ್ತದೆ, ಮತ್ತು ನಟರ ಕಣ್ಣು ಆಮೇಲೆ ಗ್ರಾಫಿಕ್ಸ್ ತುಂಬುವ ಹಸಿರು ಪರದೆಯತ್ತ ಅಲ್ಲ, ಎದುರಿಗಿರುವ ವಸ್ತುವಿನತ್ತ ನೆಟ್ಟಿರುತ್ತದೆ. ನಮ್ಮ ಕಡೆಯ ಬಯಲಾಟದಲ್ಲಿ ರಾಕ್ಷಸ ಪಾತ್ರ ರಂಗಕ್ಕೆ ನುಗ್ಗಿದಾಗ, ಬಣ್ಣವೆಂದು ಗೊತ್ತಿದ್ದೂ ಮುಂದೆ ಕೂತ ಮಕ್ಕಳು ಹಿಂದೆ ಸರಿಯುವುದು ಇದೇ ಕಾರಣಕ್ಕೆ. 2011ರಲ್ಲಿ ಇದೇ ಕಥೆಯ ಪೂರ್ವಭಾಗ ತೆಗೆದವರು ಕೈಯಿಂದ ಮಾಡಿಸಿದ ಪ್ರಾಣಿಗಳನ್ನು ಬಹುಪಾಲು ಗ್ರಾಫಿಕ್ಸ್‌ನಿಂದ ಮುಚ್ಚಿಬಿಟ್ಟರು. ಆ ಚಿತ್ರ ಇಷ್ಟು ಬೇಗ ಹಳತಾಗಿ ಕಾಣುವುದು ನೋವಿನ ಸಂಗತಿ.

ಆದರೂ ನನ್ನ ಮಟ್ಟಿಗೆ ಅತ್ಯುತ್ತಮ ದೃಶ್ಯವೆಂದರೆ ರಕ್ತಪರೀಕ್ಷೆಯದು. ಯಾರು ಮನುಷ್ಯರಲ್ಲ ಎಂದು ಪತ್ತೆಹಚ್ಚಲು ನಾಯಕ ಕರ್ಟ್ ರಸೆಲ್ ಕಾಯಿಸಿದ ತಂತಿಯನ್ನು ಒಬ್ಬೊಬ್ಬರ ರಕ್ತಕ್ಕೂ ಅದ್ದುತ್ತಾ ಹೋಗುತ್ತಾನೆ. ರಕ್ತ ಚಿಮ್ಮುವುದು ಕ್ಷಣಮಾತ್ರ, ಉಳಿದದ್ದೆಲ್ಲ ಕಾಯುವಿಕೆ. ಕೈಚಳಕವನ್ನು ಎಲ್ಲಿ ತಡೆದು ಹಿಡಿಯಬೇಕೆಂಬ ಈ ವಿವೇಕ ಕೊನೆಯ ದೈತ್ಯರೂಪದಲ್ಲಿ ಕಾಣುವುದಿಲ್ಲ. ಅದು ಅವಸರದಲ್ಲಿ ಬಂದು ಹೋಗುತ್ತದೆ.

ಡಿಸ್ಕ್‌ನಲ್ಲಿ ಹಿಮದ ನೀಲಿಯೂ ಬೆಂಕಿಯ ಕೆಂಪೂ ಸ್ಪಷ್ಟವಾಗಿವೆ, ಫಿಲ್ಮಿನ ಕಣಕಣವಾದ ಮೈಯನ್ನು ಒರೆಸಿ ನುಣುಪು ಮಾಡಿಲ್ಲ. ಎನ್ಯೊ ಮೊರಿಕೋನೆ ಅವರ ಎದೆಬಡಿತದಂಥ ಸಂಗೀತ ಸಣ್ಣ ಸ್ಪೀಕರಿನಲ್ಲಿ ಕೇಳಿಸದು, ಒಳ್ಳೆಯ ಹೆಡ್‌ಫೋನ್ ಇದ್ದರೆ ಬಳಸಿ. ಕನ್ನಡ ಅಡಿಬರಹವಿಲ್ಲ. ಚಿಕ್ಕ ಮಕ್ಕಳಿಗೆ ಖಂಡಿತ ತೋರಿಸಬೇಡಿ.