ಶ್ರೀಲಂಕಾಕ್ಕೆ ಯಾವ ತಿಂಗಳು? ಫೆಬ್ರವರಿ, ಏಪ್ರಿಲ್, ಆಗಸ್ಟ್, ಅಕ್ಟೋಬರ್ ನಾಲ್ಕೂ ನೋಡಿ ಬಂದ ಮೇಲೆ

ನಮ್ಮ ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಎರಡೇ ಸಲ, ದಸರಾಕ್ಕೆ ಒಮ್ಮೆ, ಬೇಸಿಗೆಗೆ ಒಮ್ಮೆ. ಶ್ರೀಲಂಕಾದ ಮಳೆಯ ಲೆಕ್ಕದಲ್ಲಿ ನೋಡಿದರೆ ಈ ಎರಡೂ ರಜೆಗಳು ಅಲ್ಲಿನ ಎರಡು ಮಳೆಗಾಲಗಳ ನಡುವಿನ ಸಂದಿಗೇ ಬಂದು ಬೀಳುತ್ತವೆ. ಇದು ಗೊತ್ತಿಲ್ಲದೆ ನಾವು ಒಂದು ಸಲ ಟಿಕೆಟ್ ಮಾಡಿಸಿ ಪೂರ್ತಿ ಒಂದು ವಾರ ನೆನೆದು ಬಂದೆವು. ಆಮೇಲೆ ಹಟಕ್ಕೆ ಬಿದ್ದವನಂತೆ ಬೇರೆ ಬೇರೆ ತಿಂಗಳಲ್ಲಿ ಹೋಗಿ ನೋಡಿದೆ. ಮದುವೆಯಾದ ಹೊಸದರಲ್ಲಿ ಹೋಗಿದ್ದ ಫೆಬ್ರವರಿಯನ್ನೂ ಸೇರಿಸಿದರೆ ಈಗ ಒಟ್ಟು ನಾಲ್ಕು ಪ್ರವಾಸ. ಮನೆಯಲ್ಲಿ, ಆಫೀಸಿನಲ್ಲಿ ಯಾರಾದರೂ ಲಂಕೆಗೆ ಹೊರಟರೆ ನನ್ನನ್ನೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ದ್ವೀಪ ಚಿಕ್ಕದು, ಕರ್ನಾಟಕದ ಮೂರನೇ ಒಂದು ಪಾಲು. ಆದರೆ ನಡುವೆ 2,500 ಮೀಟರ್ ಎತ್ತರದವರೆಗೆ ಏರುವ ಬೆಟ್ಟಗಳಿವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಪಶ್ಚಿಮ, ದಕ್ಷಿಣದ ಕಡೆ ಸುರಿಯುತ್ತದೆ. ಅದನ್ನು ಅವರು ಯಲ ಎನ್ನುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಮಳೆ ಪೂರ್ವ, ಉತ್ತರದ ಕಡೆ ಬೀಳುತ್ತದೆ. ಅದು ಮಹಾ. ಒಂದು ಮಗ್ಗುಲು ನೆನೆಯುವಾಗ ಇನ್ನೊಂದು ಮಗ್ಗುಲು ಒಣಗಿರುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ಚಿತ್ರದುರ್ಗದಲ್ಲಿ ರೈತ ಆಕಾಶ ನೋಡುತ್ತ ನಿಂತಿರುತ್ತಾನಲ್ಲ, ಅದೇ ಮಳೆನೆರಳು. ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಟಿಕೆಟ್ ಮಾಡಿಸುವಾಗ ನಾವು "ಶ್ರೀಲಂಕಾದಲ್ಲಿ ಮಳೆಗಾಲ ಯಾವಾಗ?" ಎಂದು ಇಡೀ ದೇಶಕ್ಕೆ ಒಂದೇ ಪ್ರಶ್ನೆ ಹಾಕುತ್ತೇವೆ. ಯಾವ ಮಗ್ಗುಲಿಗೆ ಹೋಗುತ್ತೀರಿ ಎನ್ನುವುದು ಮೊದಲು ತೀರ್ಮಾನವಾಗಬೇಕು, ತಿಂಗಳು ಅದರ ಹಿಂದೆ ಬರುತ್ತದೆ.

ಈ ಮಾತನ್ನು ನನಗೆ ಕಣ್ಣಾರೆ ತೋರಿಸಿದ್ದು ಒಂದು ರೈಲು ಸುರಂಗ. 2024ರ ಆಗಸ್ಟ್‌ನಲ್ಲಿ ಕ್ಯಾಂಡಿಯಿಂದ 'ಎಲ್ಲಾ' (Ella) ಎಂಬ ಹೆಸರಿನ ಬೆಟ್ಟದೂರಿಗೆ ರೈಲಿನಲ್ಲಿ ಹೊರಟಿದ್ದೆವು. 'ನಾನು ಓಯ' ಎಂಬ ಸ್ಟೇಷನ್ ದಾಟಿದ ಮೇಲೆ ಕಿಟಕಿಯ ಹೊರಗೆ ಬರೀ ಮಂಜು. ಟೀ ತೋಟ ಕಾಣಿಸುತ್ತಿಲ್ಲ, ತುಂತುರು ಒಳಗೇ ಹೊಡೆಯುತ್ತಿದೆ. ಅಮ್ಮ ಶಾಲು ಬಿಗಿಯಾಗಿ ಹೊದ್ದು, "ಇಷ್ಟು ದೂರ ಬಂದು ನೋಡಿದ್ದು ನಮ್ಮೂರಿನ ಆಷಾಢವನ್ನೇ" ಎಂದು ಬೇಸರ ಮಾಡಿಕೊಂಡರು. ಪಟ್ಟಿಪೊಲ ಬಂತು, ಸುಮಾರು 1,900 ಮೀಟರ್, ಆ ದೇಶದಲ್ಲೇ ಎತ್ತರದ ಸ್ಟೇಷನ್. ಅದನ್ನು ಬಿಟ್ಟು ಸ್ವಲ್ಪ ಹೊತ್ತಿಗೆ ರೈಲು ಸುರಂಗ ಹೊಕ್ಕಿತು. ಕತ್ತಲು, ಮಕ್ಕಳ ಕೂಗು, ಡೀಸೆಲ್ ವಾಸನೆ. ಆಚೆ ಬದಿಯಲ್ಲಿ ಹೊರಬಂದಾಗ ಬಿಸಿಲು! ಕಿಟಕಿಯ ಕಬ್ಬಿಣದ ಮೇಲೆ ನಿಂತಿದ್ದ ನೀರಿನ ಹನಿಗಳು ಹೊಳೆಯುತ್ತಿದ್ದವು, ಕೆಳಗೆ ಕಣಿವೆ ಕಣಿವೆಯಾಗಿ ಊವ ಸೀಮೆ ಬಿದ್ದುಕೊಂಡಿತ್ತು, ಹುಲ್ಲು ಒಣಗಿ ಕಂದಾಗಿತ್ತು. ಎದುರಿಗೆ ಕೂತಿದ್ದ ಬದುಲ್ಲಾದ ಮೇಷ್ಟರೊಬ್ಬರು ನಗುತ್ತ, "ಯಲ ಮಳೆಗೆ ಟಿಕೆಟ್ ಸುರಂಗದವರೆಗೆ ಮಾತ್ರ" ಎಂದರು. ಅಮ್ಮ ಶಾಲು ಮಡಚಿ ಚೀಲಕ್ಕೆ ಹಾಕಿದರು. ಜನವರಿಯಲ್ಲಿ ಇದೇ ಜಾಗದಲ್ಲಿ ತಿರುಗುಮುರುಗು, ಆಚೆ ಬದಿ ಮೋಡ, ಈಚೆ ಬದಿ ಬಿಸಿಲು ಎಂದೂ ಆ ಮೇಷ್ಟರೇ ಹೇಳಿದರು. 'ಎಲ್ಲಾ' ಊರು ನೋಡಲು ಡಿಸೆಂಬರ್ ರಜೆಯಲ್ಲಿ ಹೋದವರು ಮಳೆ ಎಂದು ಗೊಣಗುವುದು ಏಕೆಂದು ಆಗ ನನಗೆ ಅರ್ಥವಾಯಿತು.

ಈಗ ಒಂದೊಂದೇ ತಿಂಗಳಿಗೆ ಬರುತ್ತೇನೆ.

ಫೆಬ್ರವರಿಗೆ ಹೆಸರು ಜಾಸ್ತಿ. ಆ ಹೆಸರು ಸುಳ್ಳಲ್ಲ. ಗಾಲೆ, ಮಿರಿಸ್ಸ ಕಡೆಯ ಸಮುದ್ರ ಎಣ್ಣೆ ಸುರಿದಂತೆ ಸಮವಾಗಿತ್ತು. ಬೆಳಗಿನ ಜಾವ ದೋಣಿ ಹತ್ತಿದ ನಮಗೆ ಎರಡು ತಾಸಿನಲ್ಲಿ ನೀಲಿ ತಿಮಿಂಗಿಲದ ಬೆನ್ನು ಕಂಡಿತು. ದೋಣಿಗಿಂತ ಉದ್ದದ ಪ್ರಾಣಿಯೊಂದು ಉಸಿರು ಬಿಟ್ಟು ಮುಳುಗುವುದನ್ನು ನೋಡಿ ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂದಿತ್ತು. ಶ್ರೀಪಾದ ಬೆಟ್ಟ (ಆಡಮ್ಸ್ ಪೀಕ್) ಹತ್ತುವುದಕ್ಕೂ ಅದೇ ಕಾಲ. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ಮಾತ್ರ ಅಲ್ಲಿ ಯಾತ್ರೆ. ಆಗ ದಾರಿಯುದ್ದಕ್ಕೂ ದೀಪ, ಟೀ ಅಂಗಡಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು, ಕೋಲೂರುವ ಅಜ್ಜಿಯರು. ರಾತ್ರಿ ಎರಡು ಗಂಟೆಗೆ ಶುರು ಮಾಡಿ ಸುಮಾರು ಐದು ಸಾವಿರದ ಐನೂರು ಮೆಟ್ಟಿಲು ಹತ್ತಿ 2,243 ಮೀಟರ್ ಎತ್ತರದಲ್ಲಿ ನಿಂತಾಗ ಸೂರ್ಯ ಹುಟ್ಟಿ, ಬೆಟ್ಟದ ನೆರಳು ಎದುರಿನ ಮಂಜಿನ ಮೇಲೆ ತ್ರಿಕೋನವಾಗಿ ಬಿತ್ತು. ಉಳಿದ ತಿಂಗಳಲ್ಲೂ ಹತ್ತಬಹುದು, ಆದರೆ ದೀಪವಿಲ್ಲದ ಒದ್ದೆ ಮೆಟ್ಟಿಲಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕೆಲಸ ಬೇಡ.

ಫೆಬ್ರವರಿಯ ತೊಂದರೆ ಎರಡು. ದುಡ್ಡು ಮತ್ತು ಜನ. ಯುರೋಪಿನವರು ಚಳಿ ತಪ್ಪಿಸಿಕೊಳ್ಳಲು ಬರುವ ಕಾಲವಾದ್ದರಿಂದ ದಕ್ಷಿಣ ಕರಾವಳಿಯಲ್ಲಿ ರೂಮಿನ ಬಾಡಿಗೆ ಏರಿರುತ್ತದೆ. ಇವೆರಡರ ಮೇಲೆ ನಮ್ಮ ಕಡೆಯದೇ ಇನ್ನೊಂದು ತೊಂದರೆ, ಪರೀಕ್ಷೆ ಹತ್ತಿರ ಬಂದಿರುವ ಮಕ್ಕಳನ್ನು ಶಾಲೆ ಬಿಡಿಸುವಂತಿಲ್ಲ. ನುವರ ಎಲಿಯಕ್ಕೆ ಹೋಗುವವರು ಸ್ವೆಟರ್ ಮರೆಯಬೇಡಿ. ಜನವರಿ, ಫೆಬ್ರವರಿಯ ಕೆಲವು ಬೆಳಗುಗಳಲ್ಲಿ ಅಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದೂ ಉಂಟು.

ಅಕ್ಟೋಬರ್ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಮಗ ಒಂದನೇ ಕ್ಲಾಸಿನಲ್ಲಿದ್ದಾಗ ದಸರಾ ರಜೆಗೆ ಹೋದೆವು. ಅದು ಎರಡು ಮಳೆಗಾಲಗಳ ನಡುವಿನ ತಿಂಗಳು. ನಡುವೆ ಎಂದರೆ ಬಿಡುವು ಇರುತ್ತದೆ ಎಂದುಕೊಂಡಿದ್ದೆ, ಅದು ತಪ್ಪು ಲೆಕ್ಕ. ಗಾಳಿ ಒಂದು ದಿಕ್ಕಿಗೆ ನಿಲ್ಲದ ಈ ಕಾಲದಲ್ಲಿ ಮಳೆನೆರಳು ಕೆಲಸವನ್ನೇ ಮಾಡುವುದಿಲ್ಲ, ದ್ವೀಪದ ಎಲ್ಲ ಕಡೆಯೂ ಗುಡುಗು ಮಳೆ ಬೀಳುತ್ತದೆ. ಅದರ ಜೊತೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಶುರುವಾಗುತ್ತವೆ. ಸಿಗಿರಿಯಾ ಎಂಬ ಬಂಡೆಕೋಟೆಯಲ್ಲಿ ಸಿಂಹದ ಪಂಜದ ಆಕಾರದ ಬಾಗಿಲವರೆಗೆ ಹತ್ತಿದ್ದೆವು. ಅಲ್ಲಿಂದ ಮೇಲಕ್ಕೆ ಬಂಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು. ಪಶ್ಚಿಮದಲ್ಲಿ ಮಿಂಚು ಹೊಡೆಯಿತು. ಮಗನ ಕೈ ಹಿಡಿದು ಆ ಮೆಟ್ಟಿಲ ಬುಡದಲ್ಲಿ ಒಂದು ನಿಮಿಷ ನಿಂತೆ, ಆಮೇಲೆ ಹಿಂದಿರುಗಿದೆ. ಬೆಟ್ಟದ ಕಡೆ ಮಣ್ಣು ಕುಸಿದು ರೈಲು ನಿಂತಿತ್ತು. ಯಾಲ ಎಂಬ ವನ್ಯಜೀವಿ ಕಾಡಿನ (ಯಲ ಮಳೆ ಬೇರೆ, ಇದು ಬೇರೆ) ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ ಎನ್ನುವುದು ನಮಗೆ ಗೊತ್ತಾಗಿದ್ದೇ ಅಲ್ಲಿಗೆ ಹೋದ ಮೇಲೆ. ಜಲಪಾತಗಳು ಮೈತುಂಬಿ ಇದ್ದವು, ರೂಮು ಅರ್ಧ ಬೆಲೆಗೆ ಸಿಕ್ಕಿತು, ಅಷ್ಟೇ. ನವೆಂಬರ್ ಇದಕ್ಕಿಂತ ಅಪಾಯದ್ದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಆ ಬೆಟ್ಟದ ಊರುಗಳಲ್ಲಿ ನೂರಾರು ಜನರ ಜೀವ ತೆಗೆದುಕೊಂಡಿತು. ನಾವು ಟೀ ಕುಡಿದ, ಜನ ಕೈ ಬೀಸಿದ ಊರುಗಳವು. ಆ ಸುದ್ದಿ ನೋಡುತ್ತ ಮನೆಯಲ್ಲಿ ಯಾರಿಗೂ ಅವತ್ತು ಊಟ ಸೇರಲಿಲ್ಲ.

ಆಗಸ್ಟ್ ನನ್ನ ಮನಸ್ಸು ಗೆದ್ದ ತಿಂಗಳು. "ಮುಂಗಾರಿನಲ್ಲಿ ಯಾರಾದರೂ ಲಂಕೆಗೆ ಹೋಗುತ್ತಾರಾ?" ಎಂದು ಕೇಳಿದವರೇ ಹೆಚ್ಚು. ನಾವು ಹೋದ 2024ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ಕ್ಕೆ ಬಂದಿತ್ತು. ಹಬ್ಬ ಮುಗಿಸಿ ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಹೊರಟೆವು, ವಿಮಾನದಲ್ಲಿ ಒಂದೂವರೆ ತಾಸಿನ ದಾರಿ. ಹುಣ್ಣಿಮೆ 19ಕ್ಕೆ. ಕ್ಯಾಂಡಿಯ ಎಸಲ ಪೆರಹರ ಆ ಹುಣ್ಣಿಮೆಗೆ ಮುಗಿಯುವ ಉತ್ಸವ. ಕೊನೆಯ ಐದು ರಾತ್ರಿಗಳನ್ನು ರಂದೋಲಿ ಎನ್ನುತ್ತಾರೆ, ನೋಡುವುದಾದರೆ ಅವನ್ನೇ ನೋಡಬೇಕು. ಮುಂದೆ ಚಾಟಿ ಬೀಸುವವರು, ಹಿಂದೆ ಕಬ್ಬಿಣದ ಬುಟ್ಟಿಗಳಲ್ಲಿ ಕೊಬ್ಬರಿ ಉರಿಸಿ ಬೆಳಕು ಹಿಡಿಯುವವರು. ಬೀದಿಯೆಲ್ಲ ಸುಟ್ಟ ಕೊಬ್ಬರಿಯ ಘಮ. ಉರಿ ಕುಗ್ಗಿದಾಗ ಒಬ್ಬ ಹುಡುಗ ಓಡಿ ಬಂದು ಚೀಲದಿಂದ ಎರಡು ಹೋಳು ಹಾಕಿ ಹೋಗುತ್ತಿದ್ದ. ಆಮೇಲೆ ಡೋಲು, ಕುಣಿತ, ಸಾಲು ಸಾಲು ಆನೆ. ಕಡೆಗೆ ಬುದ್ಧನ ದಂತದ ಕರಂಡ ಹೊತ್ತ ದಂತದಾನೆ ಬಂದಾಗ ಅದರ ಕಾಲಡಿಗೆ ಬಿಳಿ ಬಟ್ಟೆ ಹಾಸುತ್ತಾರೆ. ಜನ ಎದ್ದು ಕೈ ಮುಗಿದರು. ಜಂಬೂಸವಾರಿ ನೋಡಿ ಬೆಳೆದ ಅಮ್ಮನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ, ಅವರೂ ಎದ್ದು ಕೈ ಮುಗಿದರು.

ಆನೆಗಳ ವಿಷಯದಲ್ಲೂ ಆಗಸ್ಟ್‌ಗೆ ಸಾಟಿಯಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಕಬಿನಿ ಹಿನ್ನೀರಿಗೆ ಆನೆಗಳು ಬರುತ್ತವಲ್ಲ, ಮಿನ್ನೇರಿಯಾ ಕೆರೆಯಲ್ಲಿ ಅದೇ ಸಂಗತಿ ನಡೆಯುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ ಅದು. ನೀರು ಇಳಿದ ಜಾಗದಲ್ಲಿ ಎಳೆ ಹುಲ್ಲು ಚಿಗುರಿ, ಸುತ್ತಲಿನ ಒಣಕಾಡಿನಿಂದ ಆನೆಗಳು ಬರುತ್ತವೆ. ಸಂಜೆ ನಾಲ್ಕರ ನಂತರ ನಾವು ಎಣಿಸಿದ್ದು ತೊಂಬತ್ತರ ಹತ್ತಿರ, ಆಮೇಲೆ ಎಣಿಕೆ ಬಿಟ್ಟು ಸುಮ್ಮನೆ ನೋಡಿದೆವು. ಒಂದು ಮಾತು, ಕೆಲವು ವರ್ಷ ಕೆರೆಯಲ್ಲಿ ನೀರು ಇಳಿಯದೆ ಹುಲ್ಲು ಏಳುವುದಿಲ್ಲ. ಆಗ ಹಿಂಡುಗಳು ಪಕ್ಕದ ಕೌಡುಲ್ಲಕ್ಕೆ ಹೋಗುತ್ತವೆ. ಹಬರಣದ ಜೀಪಿನವರಿಗೆ ಅವತ್ತು ಆನೆ ಎಲ್ಲಿದೆ ಎಂದು ಗೊತ್ತಿರುತ್ತದೆ, ಅವರನ್ನು ಕೇಳದೆ ಟಿಕೆಟ್ ತೆಗೆಯಬೇಡಿ.

ಇದೇ ಹೊತ್ತಿಗೆ ಪೂರ್ವ ಕರಾವಳಿಯ ತಿರುಕೋಣಮಲೆಯ (ಟ್ರಿಂಕೋಮಲಿ) ಸಮುದ್ರ ಕನ್ನಡಿಯಂತಿರುತ್ತದೆ. ಪಶ್ಚಿಮದ ಹಿಕ್ಕಡುವದಲ್ಲಿ ಕೆಂಪು ಬಾವುಟ ಹಾರುತ್ತಿದ್ದ ವಾರದಲ್ಲೇ ನಿಲಾವೇಲಿಯಲ್ಲಿ ನನ್ನ ಮಗ ಸೊಂಟದುದ್ದ ನೀರಿನಲ್ಲಿ ನಿಂತು ಕಾಲ ಬೆರಳು ಎಣಿಸುತ್ತಿದ್ದ. ಕೋಣೇಶ್ವರ ದೇವಸ್ಥಾನ ಬಂಡೆಯ ತುದಿಯಲ್ಲಿದೆ, ಕೆಳಗೆ ನೀಲಿ ಕಡಲು. ಬಿಸಿಲು ಮಾತ್ರ ಜೋರು. ಬೆಟ್ಟದಾಚೆ ಮಳೆ ಸುರಿಸಿ ಬರಿದಾದ ಗಾಳಿ ಈಚೆ ಇಳಿಯುವಾಗ ಕಾದು ಬರುತ್ತದೆ, ಅದಕ್ಕೆ ಅಲ್ಲಿ ಕಚ್ಚಾನ್ ಎಂದು ಹೆಸರು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ಓಡಾಡುವಂತಿಲ್ಲ. ನಾವು ತಂಬಿಲಿ, ಅಂದರೆ ಅವರ ಕೆಂದೆಳನೀರು, ಕುಡಿದುಕೊಂಡು ನೆರಳಲ್ಲಿ ಕೂತೆವು. ಶಾಲೆಗೆ ವಾರ ರಜೆ ಹಾಕಬೇಕಾಯಿತು. ಹಾಕಿದ್ದು ಸರಿಯೆಂದೇ ನನ್ನ ನಂಬಿಕೆ.

ಶಾಲೆ ತಪ್ಪಿಸುವುದೇ ಇಲ್ಲ ಎನ್ನುವವರಿಗೆ ಏಪ್ರಿಲ್ ಇದೆ. ಇದೂ ಸಂದಿಕಾಲವೇ, ಆದರೆ ಅಕ್ಟೋಬರ್‌ನಂತೆ ಕೆಟ್ಟದ್ದಲ್ಲ. ಬೆಳಿಗ್ಗೆ ತಿಳಿ ಆಕಾಶ, ಮಧ್ಯಾಹ್ನ ಎರಡರ ಹೊತ್ತಿಗೆ ಮೋಡ, ಮೂರೂವರೆಗೆ ಗುಡುಗು, ಸಂಜೆ ಮತ್ತೆ ತಂಪು. ನಮ್ಮ ಮಾವಿನ ಮಳೆಯ ಹಾಗೆ. ಕೆಲಸವನ್ನೆಲ್ಲ ಒಂದು ಗಂಟೆಯೊಳಗೆ ಮುಗಿಸುವ ಅಭ್ಯಾಸ ಮಾಡಿಕೊಂಡರೆ ನಷ್ಟವಿಲ್ಲ. ಹಾರ್ಟನ್ ಪ್ಲೇನ್ಸ್ ಎಂಬ ಬೆಟ್ಟದ ಬಯಲಿನಲ್ಲಿರುವ ವಿಶ್ವದಂಚು (ವರ್ಲ್ಡ್ಸ್ ಎಂಡ್) ಎಂಬ ಪ್ರಪಾತದ ತುದಿಗೆ ಯಾವ ತಿಂಗಳಲ್ಲಿ ಹೋದರೂ ಒಂಬತ್ತು ಗಂಟೆಯೊಳಗೇ ತಲುಪಬೇಕು, ಆಮೇಲೆ ಮಂಜು ಮುಚ್ಚುತ್ತದೆ. ಏಪ್ರಿಲ್‌ನ ದೊಡ್ಡ ಲಾಭವೆಂದರೆ ಎರಡೂ ಕಡಲು ಒಟ್ಟಿಗೆ ಸಿಗುವುದು. ಪಶ್ಚಿಮ ಇನ್ನೂ ಕೆರಳಿರುವುದಿಲ್ಲ, ಪೂರ್ವ ಆಗಲೇ ಶಾಂತವಾಗಿರುತ್ತದೆ. ಶ್ರೀಪಾದದ ಯಾತ್ರೆಯೂ ನಡೆಯುತ್ತಿರುತ್ತದೆ. ಸೆಕೆ ಮಾತ್ರ ಮಂಗಳೂರಿನ ಸೆಕೆಯೇ, ಅಂಗಿ ಮೈಗಂಟುತ್ತದೆ.

ಕೋಗಿಲೆ ಕೂಗಿ ಎರಬದು ಮರ ಕೆಂಪಗೆ ಹೂಬಿಟ್ಟರೆ ಅಲ್ಲಿ ಹೊಸ ವರ್ಷ ಬಂತೆಂದು ಲೆಕ್ಕ. ನಮ್ಮ ತುಳುನಾಡಿನ ಬಿಸು ಹಬ್ಬದ ಹೊತ್ತಿಗೇ, ಏಪ್ರಿಲ್ 13, 14ಕ್ಕೆ, ಸಿಂಹಳೀಯರೂ ತಮಿಳರೂ ಅದನ್ನು ಆಚರಿಸುತ್ತಾರೆ. ಮನೆಯೊಳಗೆ ಕರೆಯುವವರಿದ್ದರೆ ಆ ಎರಡು ದಿನ ಭಾಗ್ಯ. ಪ್ರವಾಸಿಗೆ ಕಷ್ಟ, ಯಾಕೆಂದರೆ ಅಂಗಡಿ, ಹೋಟೆಲು ಬಾಗಿಲು ಹಾಕಿ ಕೆಲಸದವರೆಲ್ಲ ಊರಿಗೆ ಹೋಗಿರುತ್ತಾರೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕೊಲಂಬೊದವರು ತಂಪಿಗೆಂದು ನುವರ ಎಲಿಯಕ್ಕೆ ಏರುವುದರಿಂದ ಅಲ್ಲಿ ರೂಮು ಸಿಗುವುದೇ ಇಲ್ಲ.

ಒಂದೇ ಸಲ ಹೋಗುವವರು ನನ್ನನ್ನು ಕೇಳಿದರೆ ಆಗಸ್ಟ್ ಎನ್ನುತ್ತೇನೆ, ಅದೂ ಹುಣ್ಣಿಮೆಯ ದಿನ ಪಂಚಾಂಗದಲ್ಲಿ ನೋಡಿಕೊಂಡು. ಬೆಟ್ಟ ಹತ್ತುವ ಆಸೆ, ತಿಮಿಂಗಿಲದ ಆಸೆ ಇದ್ದು ಮಕ್ಕಳ ತಾಪತ್ರಯವಿಲ್ಲದವರಿಗೆ ಫೆಬ್ರವರಿ. ತಂಗಿ ಮೊನ್ನೆ ಫೋನ್ ಮಾಡಿ, "ಅಣ್ಣಾ, ದಸರಾ ರಜೆಗೆ ಲಂಕೆ ನೋಡಿಕೊಂಡು ಬರೋಣ ಅಂತಿದ್ದೀವಿ" ಎಂದಳು. ಬೇಡವೇ ಬೇಡ, ಆ ರಜೆಗೆ ಮೈಸೂರಿಗೆ ಹೋಗು ಎಂದೆ. ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್ 2ಕ್ಕೆ ಹೊರಡಲಿ, ರೈಲಿನ ಸೀಟು ಒಂದು ತಿಂಗಳು ಮೊದಲೇ ಕಾಯ್ದಿರಿಸಲಿ, ಆ ಚಂಡಮಾರುತದ ನಂತರ ಬೆಟ್ಟದ ರೈಲು ಎಲ್ಲಿಯವರೆಗೆ ಓಡುತ್ತಿದೆ ಎಂದು ಕೇಳಿಕೊಳ್ಳಲಿ, ಕೊನೆಯ ಎರಡು ದಿನ ನಿಲಾವೇಲಿಗೆ ಇಟ್ಟುಕೊಳ್ಳಲಿ, 11ಕ್ಕೆ ವಾಪಸ್ ವಿಮಾನ ಹತ್ತಲಿ. ಬರೆದುಕೊಂಡಿದ್ದಾಳೆ. ಸುರಂಗ ಬಂದಾಗ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸು ಎಂದೂ ಹೇಳಿದ್ದೇನೆ.