ಮೆಣಸಿನ ಗಿಡದ ಎಲೆ ಮುದುಡಿದರೆ ಗೊಬ್ಬರದ ಡಬ್ಬಿಗೆ ಕೈ ಹಾಕಬೇಡಿ

ಮನೆಯೊಳಗೆ ಕುಂಡದಲ್ಲಿ ಮೆಣಸಿನ ಗಿಡ ಬೆಳೆಸುವವರು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಆರು ಗಿಡಗಳಲ್ಲಿ ನಾಲ್ಕನ್ನು ಕೈಯಾರೆ ಕೊಂದವನು ನಾನು. ಅದಕ್ಕಿಂತ ದೊಡ್ಡ ತಪ್ಪೂ ಒಂದಿದೆ, ಮುಂದೆ ಬರುತ್ತದೆ.

ಹಾವೇರಿಯಿಂದ ಸೋದರಮಾವ ಕೊಟ್ಟ ಬ್ಯಾಡಗಿ ಕಡ್ಡಿ ಮೆಣಸಿನ ಬೀಜ ಅವು. ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಪಕ್ಕದ ಕಟ್ಟಡದ ಗೋಡೆಯೇ ಆಕಾಶ. ಹಾಗಾಗಿ ಕುಂಡಗಳು ಹಾಲ್‌ನ ಪೂರ್ವದ ಕಿಟಕಿಯ ಬಳಿ ಸೇರಿದವು. ಮೆಣಸಿಗೆ ಆರು ಗಂಟೆಯಾದರೂ ಬಿಸಿಲು ಬೇಕು, ಅಲ್ಲಿ ಸಿಗುತ್ತಿದ್ದದ್ದು ಮೂರು. ಗಿಡಗಳು ಸಣಕಲಾಗಿದ್ದರೂ ಹಸಿರಾಗಿದ್ದವು. ಜುಲೈನಲ್ಲಿ ನರ್ಸರಿಯಿಂದ ಒಂದು ದೊಣ್ಣೆಮೆಣಸಿನ ಸಸಿ ತಂದು ಇವುಗಳ ನಡುವೆಯೇ ಇಟ್ಟೆ.

ಮೂರು ವಾರದಲ್ಲಿ ಕುಡಿ ಎಲೆಗಳು ಕಿರಿದಾಗಿ ಕೆಳಕ್ಕೆ ಮುದುಡಿದವು, ಬೋರಲು ಹಾಕಿದ ದೋಣಿಯಂತೆ. ತೊಟ್ಟು ಮಾತ್ರ ಉದ್ದುದ್ದ. ಮೊಗ್ಗು ಉದುರಿದವು. ಮೊಬೈಲಿನಲ್ಲಿ ಚಿತ್ರ ನೋಡಿದ ನರ್ಸರಿಯವರು "ಪೋಷಕಾಂಶದ ಕೊರತೆ" ಎಂದು ಹೇಳಿ ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ 19:19:19 ಗೊಬ್ಬರ ಕೊಟ್ಟರು. ಚಮಚದ ಲೆಕ್ಕದಲ್ಲಿ ನಾನು ಉದಾರಿ. ಎಲೆಯಂಚು ಸುಟ್ಟು ಕಂದಾಯಿತು. ಬಾಯಾರಿಕೆ ಇರಬೇಕೆಂದು ದಿನವೂ ನೀರು ಹುಯ್ದೆ. ಕುಂಡದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಮಣ್ಣು ಒದ್ದೆಯಿದ್ದರೂ ಎರಡು ಗಿಡ ಬಾಡಿ ಬಿದ್ದವು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೇ ಜಾರಿ ಬಂತು, ಒಳಗೆ ದಾರದಂಥ ಎಳೆ ಉಳಿಯಿತು. ಬೇರುಕೊಳೆ.

ಆಗ ಮಾಡಿದ್ದು ಆ ದೊಡ್ಡ ತಪ್ಪು. ಒಂದು ಅಂಗಡಿಯಲ್ಲಿ ಲೇಬಲ್ ಇಲ್ಲದ ಸೀಸೆಯಲ್ಲಿ ಔಷಧ ಸುರಿದು ಕೊಟ್ಟರು, "ಎಲ್ಲ ಹುಳಕ್ಕೂ ಆಗುತ್ತದೆ" ಎಂದರು. ಅದನ್ನು ಹಾಲ್‌ನಲ್ಲೇ ಸಿಂಪಡಿಸಿದೆ. ಅರ್ಧ ಗಂಟೆಯಲ್ಲಿ ಮಗಳಿಗೆ ಕೆಮ್ಮು, ಹೆಂಡತಿಗೆ ತಲೆನೋವು, ಕಣ್ಣುರಿ. ಆ ರಾತ್ರಿ ಮೂವರೂ ಪಕ್ಕದ ಮನೆಯಲ್ಲಿ ಮಲಗಿದೆವು. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ: ಕೆಂಪು ಎಂದರೆ ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ನನ್ನ ಸೀಸೆಗೆ ಯಾವ ಬಣ್ಣವೂ ಇರಲಿಲ್ಲ. ವೈದ್ಯರು "ಏನು ಸಿಂಪಡಿಸಿದಿರಿ?" ಎಂದು ಕೇಳಿದಾಗ ಹೇಳಲು ನನ್ನಲ್ಲಿ ಹೆಸರೇ ಇರಲಿಲ್ಲ. ಮಗಳು ಎರಡು ದಿನದಲ್ಲಿ ಚೇತರಿಸಿಕೊಂಡಳು. ಎಲೆಗಳು ಮುದುಡಿಯೇ ಇದ್ದವು.

ಇಷ್ಟೆಲ್ಲ ಆದ ಮೇಲೆ ಮಾವನಿಗೆ ಫೋನ್ ಮಾಡಿದೆ. ಮೊದಲೇ ಮಾಡಬಹುದಿತ್ತು, ಬೈಗುಳದ ಭಯ. "ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ಸಣ್ಣ ಹುಳ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎಲೆ ತಿರುಗಿಸಿ ನೋಡಿದೆಯೇನಪ್ಪಾ?" ಎಂದರು. ನೋಡಿರಲಿಲ್ಲ. ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದರೆ ಕುಡಿ ಎಲೆಯ ಅಡಿಯಲ್ಲಿ ಸಂತೆಯೇ ನೆರೆದಿತ್ತು. 0.2 ಮಿಲಿಮೀಟರಿನ ಜೀವ, ಬರಿಗಣ್ಣಿಗೆ ಕಾಣದು. ಇದು ಕೀಟವಲ್ಲ, ಜೇಡನ ಕುಲದ್ದು. ಆದ್ದರಿಂದ ಅನೇಕ ಕೀಟನಾಶಕಗಳಿಗೆ ಇದು ಜಗ್ಗುವುದಿಲ್ಲ. ಇನ್ನು ಕೆಲವು ನುಸಿಯನ್ನು ತಿನ್ನುವ ಜೀವಿಗಳನ್ನೇ ಕೊಂದು ನುಸಿಗೆ ದಾರಿ ಮಾಡಿಕೊಡುತ್ತವೆ. ಹೆಚ್ಚು ಸಂತತಿ ಇದ್ದದ್ದು ನರ್ಸರಿಯಿಂದ ತಂದ ಸಸಿಯಲ್ಲೇ. ಎರಡು ವಾರ ಅದನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರೆ ಸಾಕಾಗುತ್ತಿತ್ತು.

ಮಾವ ನೀರಿನಲ್ಲಿ ಕದಡುವ ಗಂಧಕ ಸಿಂಪಡಿಸಲು ಹೇಳಿದರು. ಮೂರು ದಿನದ ಹಿಂದಷ್ಟೇ ಬೇವಿನ ಎಣ್ಣೆ ಹೊಡೆದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರವಾದರೂ ಅಂತರ ಬೇಕು. ಇನ್ನೆರಡು ಗಿಡಗಳ ಎಲೆ ಸುಟ್ಟು ಉದುರಿದವು.

ಉಳಿದ ಎರಡರ ಕುಡಿ ಚಿವುಟಿ, ಚೀಲದಲ್ಲಿ ಕಟ್ಟಿ ಎಸೆದು, ಎರಡು ವಾರ ಕಾದೆ. ಆಮೇಲೆ ತಾರಸಿಗೆ ಒಯ್ದು ಸಂಜೆ ಹೊತ್ತು ಗಂಧಕ ಸಿಂಪಡಿಸಿದೆ, ವಾರ ಬಿಟ್ಟು ಮತ್ತೊಮ್ಮೆ. ಮುದುಡಿದ ಹಳೆಯ ಎಲೆ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಗಾಬರಿಯಾಗಿ ಮತ್ತೆ ಏನನ್ನೂ ಸುರಿಯಬೇಡಿ. ಹೊಸ ಚಿಗುರು ಅಗಲವಾಗಿ ಬರುತ್ತಿದೆಯೇ ಎಂದಷ್ಟೇ ನೋಡಿ. ನಮ್ಮಲ್ಲಿ ಈಗ ಬರುತ್ತಿದೆ.

ಆ ಸೀಸೆ ಇನ್ನೂ ಬಾಲ್ಕನಿಯ ಮೇಲಿನ ಕಪಾಟಿನಲ್ಲಿ ಬೀಗದೊಳಗಿದೆ. ಚರಂಡಿಗೆ ಸುರಿಯುವ ಹಾಗಿಲ್ಲ, ಹೆಸರಿಲ್ಲದ ವಿಷವನ್ನು ಕಸ ಒಯ್ಯುವವರ ಕೈಗೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.