ಹಳೇ ಮಿನಿ ಲ್ಯಾಪ್‌ಟಾಪ್ ಮೇಲೆ ಡೆಬಿಯನ್ 12: ಖಾನಾವಳಿ ಗಲ್ಲೆಯಿಂದ ರಿವ್ಯೂ

ಆಟಮ್ ಝಡ್3735ಎಫ್ ಚಿಪ್, 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. 2015ರ ಹೊತ್ತಿಗೆ ಅಗ್ಗಕ್ಕೆ ಸಿಗುತ್ತಿದ್ದ ಇಂಥ ಲ್ಯಾಪ್‌ಟಾಪ್ ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕುವ ಮುಂಚೆ ಇದನ್ನು ಓದಿ. ವಿಂಡೋಸ್ ಬದಲಿಗೆ ಹಾಕಬಹುದಾದ ಪುಕ್ಕಟೆ ಲಿನಕ್ಸ್‌ಗಳಲ್ಲಿ ಡೆಬಿಯನ್ ಒಂದು, ಅದರ 12ನೇ ಆವೃತ್ತಿಯನ್ನು ನನ್ನದರ ಮೇಲೆ ಹಾಕಿದ ಕಥೆ ಇದು. ಕಂಪನಿ ಹೆಸರು ಬೇಡ ಬಿಡಿ, ಆ ಚಿಪ್ಪಿನವೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ.

ಪುಣೆಯ ಕೊಥ್ರೂಡದಲ್ಲಿ ನಮ್ಮದು ಜೋಳದ ರೊಟ್ಟಿ ಖಾನಾವಳಿ. ತಿಂಗಳ ಮೆಂಬರುಗಳ ಲೆಕ್ಕ, ಯಾರಿಗೆ ಎಷ್ಟು ಹೆಚ್ಚಿನ ರೊಟ್ಟಿ, ಯಾರ ಬಾಕಿ ಎಷ್ಟು, ಎಲ್ಲಾ ಇದರಲ್ಲೇ. ವಿಂಡೋಸ್ 10ರ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ 4 ಜಿಬಿ ರ್‍ಯಾಮ್ ಬೇಕಂತೆ. ತಪಕೀರ್ ಗಲ್ಲಿಯ ಅಂಗಡಿಯವನೊಬ್ಬ ಯಾವುದೋ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿದ, ಬೂಟ್ ಮೆನುವಿನಲ್ಲಿ ಅದು ಕಾಣಲೇ ಇಲ್ಲ. "ತಾಈ, ಬೋರ್ಡಚ್ ಗೇಲಾಯ್" (ಅಕ್ಕಾ, ಬೋರ್ಡೇ ಹೋಗಿದೆ) ಎಂದು ಕೈ ಚೆಲ್ಲಿದ.

ಬೋರ್ಡಿಗೆ ಏನೂ ಆಗಿರಲಿಲ್ಲ. ಈ ಯಂತ್ರದ ಪ್ರೊಸೆಸರ್ 64 ಬಿಟ್‌ನದು, ಅದನ್ನು ಎಬ್ಬಿಸುವ ಯುಇಎಫ್‌ಐ ಫರ್ಮ್‌ವೇರ್ ಮಾತ್ರ 32 ಬಿಟ್. ಇದರೊಳಗೆ ಬಂದದ್ದು 32 ಬಿಟ್ ವಿಂಡೋಸ್, ಅದಕ್ಕೆ ತಕ್ಕಂತೆ ಫರ್ಮ್‌ವೇರನ್ನೂ ಹಾಗೇ ಬರೆದು ಕೂರಿಸಿದ್ದಾರೆ. ಅದು ಪೆನ್‌ಡ್ರೈವಿನಲ್ಲಿ 'ಬೂಟ್‌ಐಎ32' ಎಂಬ ಫೈಲನ್ನೇ ಹುಡುಕುತ್ತದೆ. 64 ಬಿಟ್‌ನ 'ಬೂಟ್‌ಎಕ್ಸ್64' ಒಂದೇ ಇದ್ದರೆ ಪೆನ್‌ಡ್ರೈವನ್ನು ತಿರುಗಿಯೂ ನೋಡುವುದಿಲ್ಲ. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟೀತೆಂದು ಕಾಯಬೇಡಿ, ಮಾರಿ ಕೈ ತೊಳೆದುಕೊಂಡವರು ಅವರು.

ಡೆಬಿಯನ್ನಿನ 64 ಬಿಟ್ ಪೆನ್‌ಡ್ರೈವಿನಲ್ಲಿ ಎರಡೂ ಫೈಲುಗಳಿವೆ. ಇಂಥ ಯಂತ್ರಗಳನ್ನು ಅವರು 2015ರ ಡೆಬಿಯನ್ 8ರಿಂದಲೇ ಸಂಭಾಳಿಸುತ್ತ ಬಂದಿದ್ದಾರೆ. ಅದಕ್ಕೂ ಮೂಲ 2014ರ ಜೂನ್‌ನಲ್ಲಿ ಬಂದ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) 3.15, 'ಮಿಕ್ಸೆಡ್ ಮೋಡ್' ಸೇರಿದ್ದು ಅದರಲ್ಲಿ. ಗ್ರಬ್ ಅಂದರೆ ಕರ್ನಲನ್ನು ಶುರು ಮಾಡಿಕೊಡುವ ಪುಟ್ಟ ಪ್ರೋಗ್ರಾಮ್. 32 ಬಿಟ್ ಗ್ರಬ್ ಬಂದು 64 ಬಿಟ್ ಕರ್ನಲನ್ನು ಎಬ್ಬಿಸುತ್ತದೆ. ಆಮೇಲೆ ಫರ್ಮ್‌ವೇರ್ ಹತ್ತಿರ ಏನಾದರೂ ಕೆಲಸವಿದ್ದರೆ ಕರ್ನಲ್ಲೇ ಕ್ಷಣಕಾಲ 32 ಬಿಟ್‌ಗೆ ಇಳಿದು, ಕೇಳಿಕೊಂಡು, ಮತ್ತೆ ಮೇಲೆ ಬರುತ್ತದೆ. ಆ ಫರ್ಮ್‌ವೇರಿಗೆ 4 ಜಿಬಿಯಿಂದಾಚೆಯ ವಿಳಾಸ ತಿಳಿಯದು, ಹಾಗಾಗಿ ಕೊಡುವ ಮಾಹಿತಿಯನ್ನೂ ಅದರ ಕೈಗೆಟುಕುವ ಜಾಗದಲ್ಲೇ ಇಡಬೇಕು. ಡೆಬಿಯನ್ 12ರಲ್ಲಿರುವುದು 6.1 ಕರ್ನಲ್. ಇಷ್ಟು ವರ್ಷವಾದರೂ ಆ ಉಪಕಾರ ತೆಗೆದಿಲ್ಲ. ಕಾಸು ಕೊಡದವರಿಗೆ ಇಷ್ಟು ಯಾರು ಮಾಡುತ್ತಾರೆ ಹೇಳಿ?

ಹಾಕುವಾಗ ಸೆಕ್ಯೂರ್ ಬೂಟ್ (ಸಹಿಯಿಲ್ಲದ್ದನ್ನು ಬೂಟ್ ಆಗಲು ಬಿಡದ ಫರ್ಮ್‌ವೇರ್ ಕಾವಲು) ಆಫ್ ಮಾಡಿದೆ. ಎಕ್ಸ್‌ಪರ್ಟ್ ಇನ್‌ಸ್ಟಾಲ್ ಆರಿಸಿಕೊಳ್ಳಿ. ಕೊನೆಗೆ, ಪೆನ್‌ಡ್ರೈವುಗಳಿಗೆಂದು ಇರುವ ಜಾಗದಲ್ಲೂ ಗ್ರಬ್ ಹಾಕಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಈ ಫರ್ಮ್‌ವೇರಿನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ, ಇವತ್ತು ಬರೆದಿಟ್ಟ ಬೂಟ್ ಎಂಟ್ರಿ ನಾಳೆ ಇರುವುದಿಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸಾಕು. ಕನ್ನಡಕ್ಕೆ ನವಿಲು ಫಾಂಟು, ಕೆಜಿಪಿ ಕೀಲಿಮಣೆ ಎರಡೂ ಡೆಬಿಯನ್ನಿನದೇ ಭಂಡಾರದಲ್ಲಿ ಸಿಕ್ಕವು. 'ಶೇಂಗಾ ಚಟ್ನಿ' ಒತ್ತಕ್ಷರ ಒಡೆಯದೆ ಬಿಲ್ಲಿನ ಮೇಲೆ ಬರುತ್ತಿದೆ.

ದೂರುಗಳೂ ಇವೆ. ಶುರುವಿನಲ್ಲಿ ಊಟದ ರಷ್ ಹೊತ್ತಿಗೇ ಪರದೆ ಕಲ್ಲಾಗುತ್ತಿತ್ತು. ಈ ಚಿಪ್ಪಿನ ಹಳೇ ರೋಗ ಇದು, ಗಾಢ ನಿದ್ದೆಗೆ ಹೋದರೆ ಏಳುವುದಿಲ್ಲ. ಗ್ರಬ್ಬಿನ ಸಾಲಿಗೆ ಆ ನಿದ್ದೆಯನ್ನು ತಡೆಯುವ ಮ್ಯಾಕ್ಸ್_ಸಿಸ್ಟೇಟ್ 1 ಸೇರಿಸಿದ ಮೇಲೆ ನಿಂತಿತು, ಆದರೆ ಬ್ಯಾಟರಿ ಬೇಗ ಖಾಲಿ. ಗಲ್ಲೆಯ ಮೇಲೆ ಚಾರ್ಜರ್ ಚುಚ್ಚಿಯೇ ಇರುತ್ತದೆ, ನನಗೆ ಅಡ್ಡಿಯಿಲ್ಲ. ಹೆಗಲಿಗೆ ಹಾಕಿಕೊಂಡು ತಿರುಗುವವರು ಯೋಚಿಸಿ. ಫೈರ್‌ಫಾಕ್ಸ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಏದುಸಿರು.

ಐದಕ್ಕೆ ನಾಲ್ಕು ಸ್ಟಾರ್. ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ನಿಲ್ಲಿಸಿದರಲ್ಲ ಎಂದು ಕೆಲವರು ಗಾಬರಿಯಾಗಿದ್ದಾರೆ. ನಿಂತದ್ದು 32 ಬಿಟ್ ಪ್ರೊಸೆಸರಿನವರಿಗೆ. ನಮ್ಮದು 64 ಬಿಟ್. ಅದನ್ನೆಬ್ಬಿಸುವ 32 ಬಿಟ್ ಗ್ರಬ್ ಪ್ಯಾಕೇಜು 13ರಲ್ಲೂ ಇದೆ.